ಕೆರೆಯ ಕಳೆಯನ್ನೆಲ್ಲ ತೆಗೆಸಿದರೆ ನೀರಿನ ಹುಳುಗಳು ಹೆಚ್ಚುತ್ತವಾ? ಪ್ರಾಜೆಕ್ಟಿಗೆ ಎಣಿಸುವುದು ಹೇಗೆ?

ಮೊದಲು ನೀರ ಮೇಲೆ ತೇಲುವ ಹಯಸಿಂತ್, ನೀರೊಳಗೆ ಬೆಳೆಯುವ ಹೈಡ್ರಿಲ್ಲಾ ಎರಡನ್ನೂ ಒಟ್ಟಿಗೆ ತೆಗೆಸುವ ಯೋಚನೆ ಬಿಡಿ. ಹಯಸಿಂತ್ ಕೆರೆ ಮುಚ್ಚಿಕೊಂಡರೆ ಕೆಳಗೆ ಬೆಳಕಿಲ್ಲ, ಆಮ್ಲಜನಕವೂ ಕುಸಿಯುತ್ತದೆ. ಕೆಸರಿನಲ್ಲಿ ತಾಳಿಕೊಳ್ಳುವುದು ಹಿಮೋಗ್ಲೋಬಿನ್ ಇರುವ ಕೆಂಪು ಕೈರೊನೊಮಿಡ್ (ಸೊಳ್ಳೆಯಂಥ, ಕಚ್ಚದ ಕೀಟ) ಮರಿ, ಎರೆಹುಳುವಿನ ಬಳಗದ ಟ್ಯೂಬಿಫೆಕ್ಸ್‌ನಂಥವು. ಹಯಸಿಂತನ್ನು ಧಾರಾಳವಾಗಿ ತೆಗೆಸಿ. (ಹಾಸಿನ ಅಂಚಿನ ಬೇರುಗಳಲ್ಲಿ ಹುಳುಗಳು ಚೆನ್ನಾಗಿಯೇ ಇರುತ್ತವೆ, ಅಲ್ಲಿ ಮಾತ್ರ ಬಲೆ ಹಾಕಿ ಮೋಸಹೋಗಬೇಡಿ.)

ಹೈಡ್ರಿಲ್ಲಾ, ಅದರಂತೆ ನೀರೊಳಗೇ ಬೆಳೆಯುವ ಸೆರಟೋಫಿಲಮ್ ಹಾಗಲ್ಲ. ಆ ಸಣ್ಣ ಎಲೆಗಳ ಮೇಲೆಲ್ಲ ಪಾಚಿಯ ಲೋಳೆ ಕಟ್ಟುತ್ತದೆ. ಬಸವನಹುಳು, ಮೇಫ್ಲೈ ಎಂಬ ಕೀಟದ ಮರಿ ಹೆಚ್ಚಾಗಿ ಮೇಯುವುದು ಗಿಡವನ್ನಲ್ಲ, ಆ ಲೋಳೆಯನ್ನು. ಅವುಗಳನ್ನು ತಿನ್ನಲು ಬೆನ್ನಿಗೇ ಏರೋಪ್ಲೇನ್ ಚಿಟ್ಟೆಯ ಮರಿಗಳು. ಸೂಜಿಯಂಥ ಡ್ಯಾಮ್ಸೆಲ್‌ಫ್ಲೈ ಮೊಟ್ಟೆ ಇಡುವುದೇ ಕಾಂಡ ಕೊರೆದು. ಗಿಡದಲ್ಲಿ ಅಡಗಿ ಡ್ಯಾಫ್ನಿಯಾ (ನೀರುಚಿಗಟ) ಮೀನಿನಿಂದ ಪಾರಾಗುತ್ತದೆ ಅನ್ನುವುದು ಯುರೋಪಿನ ತಂಪು ಸರೋವರಗಳಿಗೆ ಹೊಂದುವಷ್ಟು ನಮ್ಮಲ್ಲಿಗೆ ಹೊಂದುವುದಿಲ್ಲ. ಬೆಚ್ಚಗಿನ ಸೀಮೆಯಲ್ಲಿ ಪುಟ್ಟ ಮೀನುಗಳೂ ಅದೇ ಗಿಡದೊಳಗೆ ಸೇರಿಕೊಂಡಿರುತ್ತವೆ.

ಎಣಿಕೆ ಕೆಡುವುದು ಗಿಡವನ್ನು ಕೈಯಿಂದ ಎಳೆದು ಮೇಲೆತ್ತುವಾಗ. ಗಿಡ ನೀರಿನ ಮೇಲ್ಮೈ ದಾಟುವಷ್ಟರಲ್ಲಿ ಮೇಫ್ಲೈ ಮರಿ, ಸಿಗಡಿ, ನೀರುದುಂಬಿ ಈಜಿ ಪರಾರಿ. ಎಲೆಗೆ ಅಂಟಿದ ಬಸವನಹುಳು ಮಾತ್ರ ಟ್ರೇಗೆ ಬರುತ್ತದೆ. ಆಮೇಲೆ ವರದಿಯಲ್ಲಿ ಕೆರೆ ತುಂಬ ಬಸವನಹುಳು! ಇನ್ನೆಷ್ಟು ಸ್ಯಾಂಪಲ್ ತೆಗೆದರೂ ಈ ತಪ್ಪು ಸರಿಹೋಗದು, ಯಾಕೆಂದರೆ ಪ್ರತಿ ಸಲವೂ ತಪ್ಪಿಸಿಕೊಳ್ಳುವವು ಅವೇ ಜಾತಿಗಳು.

500 ಮೈಕ್ರಾನ್ ಜಾಲರಿಯ ಚೀಲವನ್ನು ನೀರೊಳಗೇ ಗಿಡದ ಮೇಲಿಂದ ನಿಧಾನವಾಗಿ ಇಳಿಸಿ, ಬುಡದಲ್ಲಿ ಕತ್ತರಿಸಿ, ಬಾಯಿ ಬಿಗಿದು, ಆಮೇಲೆ ಎತ್ತಿ. ಬಿಳಿ ಟ್ರೇಯಲ್ಲಿ ಗಿಡವನ್ನು ಮೂರು ಸಲ ನೀರು ಬದಲಿಸಿ ಜಾಲಾಡಿಸಿ. ಹುಳುಗಳು 70% ಆಲ್ಕೋಹಾಲಿಗೆ; ಒದ್ದೆಯಿಂದ ಅದು ತೆಳುವಾಗುತ್ತದೆ, ಮರುದಿನ ಬದಲಿಸಿ, ಇಲ್ಲವಾದರೆ ಮರಿಗಳು ಕೊಳೆತು ಕಾಲು, ಕಿವಿರು ಕಳಚುತ್ತವೆ, ಗುರುತು ಹಿಡಿಯಲಾಗದು. ಗಿಡವನ್ನು 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿ, 100 ಗ್ರಾಂ ಒಣತೂಕಕ್ಕೆ ಎಷ್ಟು ಹುಳು ಅಂತ ಬರೆಯಿರಿ. ಪ್ರತಿ ಬಗೆಯ ಗಿಡಕ್ಕೆ ಐದಾದರೂ ಸ್ಯಾಂಪಲ್ ಬೇಕು, ದಿನದ ಒಂದೇ ಹೊತ್ತಿನಲ್ಲಿ.

ದೋಣಿ ಓಡಾಡಲು ಹೈಡ್ರಿಲ್ಲಾ ಕೊಯ್ಯಿಸಲೇಬೇಕಿದ್ದರೆ ಪಟ್ಟಿ ಪಟ್ಟಿಯಾಗಿ ಕೊಯ್ಯಿಸಿ, ನಡುವೆ ಅಷ್ಟೇ ಅಗಲ ಬಿಡಿ. ತೇಲುವ ತುಂಡುಗಳನ್ನು ಬಲೆಯಲ್ಲಿ ಬಾಚಿಕೊಳ್ಳಿ. ಒಂದು ಗೆಣ್ಣು ಉಳಿದರೂ ಅದು ಮತ್ತೆ ಚಿಗುರುತ್ತದೆ.