ಅಮ್ಮನ ಪ್ಯಾಂಕ್ರಿಯಾಸ್‌ನಲ್ಲಿ 19 ಮಿ.ಮೀ. ಸಿಸ್ಟ್ ಇದೆಯಂತೆ, ತೆಗೆಸಬೇಕಾ, ಸುಮ್ನೆ ಬಿಡಬೇಕಾ?

ಕಿಡ್ನಿ ಕಲ್ಲು ನೋಡೋಕೆ ಹೋಗಿ ಪ್ಯಾಂಕ್ರಿಯಾಸ್‌ನಲ್ಲಿ (ಮೇದೋಜೀರಕ ಗ್ರಂಥಿ) ಸಿಸ್ಟ್, ಅಂದರೆ ದ್ರವ ತುಂಬಿದ ಗುಳ್ಳೆ, ಸಿಕ್ಕಿತು ಅಂದಿದ್ದೀರಿ. ನಮ್ಮಪ್ಪನದ್ದೂ ಹೀಗೇ. ಹಾಸನದಲ್ಲಿ ಬೇರೇನಕ್ಕೋ ಸಿಟಿ ಸ್ಕ್ಯಾನ್ ಮಾಡಿಸಿದಾಗ 18 ಮಿ.ಮೀ. ಸಿಸ್ಟ್ ಕಂಡಿತು. ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು.

ಎರಡನೇ ಸಲ ನಾನು ಬೆಂಗಳೂರಿಗೆ ಕರೆಸಿಕೊಂಡು ಎಂಆರ್‌ಐ ಮಾಡಿಸಿದೆ. ರಿಪೋರ್ಟಿನಲ್ಲಿ 24! ಹಳೇ ಸಿಟಿಯ ಸಿಡಿ ಊರಲ್ಲಿ ಬೀರುವಿನೊಳಗೇ ಇತ್ತು. ನನ್ನ ಹತ್ತಿರ ಇದ್ದಿದ್ದು ರಿಪೋರ್ಟಿನ ಫೋಟೋ, ಮೊಬೈಲಿನಲ್ಲಿ. ಎಂಆರ್‌ಐ ಓದಿದವರಿಗೆ ಹೋಲಿಸಿ ನೋಡೋಕೆ ಹಳೇ ಚಿತ್ರವೇ ಇರಲಿಲ್ಲ. ಇಂಥ ಸಿಸ್ಟ್‌ಗಳ ಬಗ್ಗೆ ತಜ್ಞರು ಮಾಡಿದ 2024ರ ಕ್ಯೋಟೋ ಮಾರ್ಗಸೂಚಿಯಲ್ಲಿ ವರ್ಷಕ್ಕೆ 2.5 ಮಿ.ಮೀ. ಬೆಳೆದರೇ ಎಚ್ಚರ ಅಂತಿದೆ. ನಮ್ಮದು ಅರ್ಧ ವರ್ಷಕ್ಕೆ 6 ಅಂದ್ಕೊಂಡು ನಾನು ಗಾಬರಿ ಬಿದ್ದೆ. ಬಾಯಿಂದ ಎಂಡೋಸ್ಕೋಪ್ ಇಳಿಸಿ, ಸೂಜಿ ಚುಚ್ಚಿ ಸಿಸ್ಟ್‌ನ ನೀರು ತೆಗೆಸಲೇಬೇಕು ಅಂತ ಹಟ ಹಿಡಿದವನೂ ನಾನೇ.

ಆ ರಾತ್ರಿಯೇ ಅಪ್ಪನ ಪ್ಯಾಂಕ್ರಿಯಾಸ್ ಊದಿಕೊಂಡಿತು. ಸೂಜಿ ಹಾಕಿದಾಗ ಅಪರೂಪಕ್ಕೆ ಹೀಗಾಗುತ್ತದೆ, ಸಹಿ ಹಾಕಿದ ಕಾಗದದಲ್ಲೂ ಇತ್ತು. ಮಲಗೋಕೆ ಆಗದೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ನೋವು ಬೆನ್ನಿಗೆ ಹೊಡೆಯುತ್ತಿತ್ತು.

ಅಡ್ಮಿಟ್ ಆಗಿದ್ದಾಗ ತಮ್ಮ ಆ ಸಿಡಿ ತಂದ. ರೇಡಿಯಾಲಜಿಸ್ಟ್ ಎರಡನ್ನೂ ಪಕ್ಕಪಕ್ಕ ಹಾಕಿ ನೋಡಿದರು. ಸಿಸ್ಟ್ ಮೊಟ್ಟೆ ಥರ ಉದ್ದಕ್ಕಿತ್ತು. ಮೊದಲನೆಯವರು ಅಡ್ಡ ಅಳೆದಿದ್ದರು, ಎರಡನೆಯವರು ಉದ್ದ. ಹಳೇ ಸಿಟಿಯಲ್ಲೂ ಉದ್ದ ಅಳೆದರೆ 24ರ ಆಸುಪಾಸೇ. ಅದು ಬೆಳೆದೇ ಇರಲಿಲ್ಲ.

ಅದಕ್ಕೇ ಹೇಳೋದು, ರಿಪೋರ್ಟ್ ಹಾಳೆ ಸಾಲದು. ಸಿಡಿ, ಫಿಲ್ಮ್ ಎಲ್ಲಾ ಒಂದೇ ಚೀಲದಲ್ಲಿಡಿ. ಆದಷ್ಟು ಒಂದೇ ಕಡೆ, ಒಂದೇ ಥರದ ಸ್ಕ್ಯಾನ್ ಮಾಡಿಸಿ. ನನ್ನ ಓಟು ಎಂಆರ್‌ಸಿಪಿಗೆ, ಅಂದರೆ ಪಿತ್ತ ಮತ್ತು ಪ್ಯಾಂಕ್ರಿಯಾಸ್ ನಾಳಗಳನ್ನು ತೋರಿಸುವ ಎಂಆರ್‌ಐಗೆ. ಅದರಲ್ಲಿ ರೇಡಿಯೇಶನ್ ಇಲ್ಲ, ನಾಳವೂ ಚೆನ್ನಾಗಿ ಕಾಣುತ್ತೆ. ಹೊಟ್ಟೆ ಮೇಲಿಂದ ಮಾಡುವ ಅಲ್ಟ್ರಾಸೌಂಡ್ ನೆಚ್ಚಿಕೊಳ್ಳಬೇಡಿ, ಗ್ಯಾಸ್ ಅಡ್ಡ ಬಂದರೆ ಪ್ಯಾಂಕ್ರಿಯಾಸೇ ಕಾಣೋಲ್ಲ.

ಇನ್ನು ತೆಗೆಸಬೇಕಾ, ಬಿಡಬೇಕಾ ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯೇ ಈಗ ಬೇಡ. ಮೊದಲು ಅದು ಯಾವ ಸಿಸ್ಟ್ ಅಂತ ಕೇಳಿ. ಸೀರಸ್ ಅನ್ನುವುದು (ತೆಳು ನೀರಿನಂಥ ದ್ರವ ತುಂಬಿದ್ದು) ಕ್ಯಾನ್ಸರ್ ಆಗೋದು ತೀರಾ ಅಪರೂಪ. ಲೋಳೆ ತುಂಬಿದ್ದರ ಮೇಲೆ ಕಣ್ಣಿಡಬೇಕು. ಅಪ್ಪನದ್ದು ಕವಲು ನಾಳದ ಐಪಿಎಂಎನ್, ಅಂದರೆ ಪ್ಯಾಂಕ್ರಿಯಾಸ್‌ನ ಮುಖ್ಯ ನಾಳದಿಂದ ಕವಲೊಡೆದ ಸಣ್ಣ ನಾಳದಲ್ಲಿ ಬೆಳೆಯುವ ಲೋಳೆ ಸಿಸ್ಟ್. ಅಂಥದ್ದು 20 ಮಿ.ಮೀ. ಒಳಗಿದ್ದು ಬೇರೆ ತಕರಾರಿಲ್ಲದಿದ್ದರೆ ಆರು ತಿಂಗಳು ಬಿಟ್ಟು ಒಂದು ಸಲ ನೋಡಿ, ಬದಲಾಗದಿದ್ದರೆ ಆಮೇಲೆ 18 ತಿಂಗಳಿಗೊಮ್ಮೆ ಅನ್ನುತ್ತದೆ ಅದೇ ಕ್ಯೋಟೋ ಮಾರ್ಗಸೂಚಿ. "ತೆಗೆಸಿ ನಿಶ್ಚಿಂತೆಯಾಗಿರಿ" ಅನ್ನುವ ನೆಂಟರಿಗೆ ವಿಪಲ್ ಆಪರೇಶನ್‌ನಲ್ಲಿ ಏನೇನು ಕತ್ತರಿಸುತ್ತಾರೆ ಅಂತ ಗೊತ್ತಿರಲ್ಲ. ಪ್ಯಾಂಕ್ರಿಯಾಸ್‌ನ ತಲೆಭಾಗ, ಸಣ್ಣ ಕರುಳಿನ ಶುರು, ಪಿತ್ತನಾಳದ ತುಂಡು, ಎಲ್ಲಾ ಹೋಗುತ್ತೆ. ಆಮೇಲೆ ಶುಗರ್ ಬರಲೂಬಹುದು.

ಹಾಗಂತ ಮರೆತೂ ಬಿಡಬೇಡಿ. ಕಾಮಾಲೆ ಬಂದರೆ, ಸಿಸ್ಟ್ ಒಳಗೆ 5 ಮಿ.ಮೀ. ಅಥವಾ ಜಾಸ್ತಿ ಗಂಟು ಕಂಡರೆ, ಮುಖ್ಯ ನಾಳದ ಅಗಲ 10 ಮಿ.ಮೀ. ಮುಟ್ಟಿದರೆ ತಡ ಮಾಡದೆ ಸರ್ಜನ್ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಹೊಸದಾಗಿ ಶುಗರ್ ಬಂದರೂ ಡಾಕ್ಟರಿಗೆ ಹೇಳಿ, ವಯಸ್ಸಾಯ್ತಲ್ಲ ಅಂತ ಸುಮ್ಮನಾಗಬೇಡಿ.

ಅಮ್ಮನ ರಿಪೋರ್ಟಿನಲ್ಲಿ ಮುಖ್ಯ ನಾಳದ ಅಳತೆ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಮುಂದಿನ ಸ್ಕ್ಯಾನ್‌ನಲ್ಲಿ ಕೇಳಿ ಬರೆಸಿಕೊಳ್ಳಿ, ಸಿಸ್ಟ್‌ನ ಉದ್ದ, ಅಡ್ಡ ಎರಡನ್ನೂ.