ಲಗ್ನ ನೋಡಿ ಬಟ್ಟೆ ಆರಿಸಬಹುದೇ?

‘ಲಗ್ನಕ್ಕೆ ಏನು ಉಡಬೇಕು?’ ಎಂದು ಯಾರಾದರೂ ಬರೆದರೆ ಮೊದಲೆಲ್ಲ ಮದುವೆಯ ಉಡುಪಿನ ವಿಚಾರ ಎಂದುಕೊಳ್ಳುತ್ತಿದ್ದೆ. ಈಗ ಹಾಗಿಲ್ಲ. ಇತ್ತೀಚಿನ ಪತ್ರಗಳಲ್ಲಿ ಲಗ್ನವೆಂದರೆ ಜಾತಕದ ಲಗ್ನವೇ, ಅಂದರೆ ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಮೂಡುತ್ತಿದ್ದ ರಾಶಿ. ವಸ್ತ್ರವಿನ್ಯಾಸ ನನ್ನ ವೃತ್ತಿ, ಜ್ಯೋತಿಷದ ಹಳೆಯ ಗ್ರಂಥಗಳನ್ನು ಓದುವುದು ಹವ್ಯಾಸ. ಎರಡು ದೋಣಿಯಲ್ಲಿ ಕಾಲಿಟ್ಟವಳು ಎಂಬ ಕಾರಣಕ್ಕೆ ಈ ಪ್ರಶ್ನೆಗಳು ನನ್ನ ಪಾಲಿಗೆ ಬಂದಿವೆ. ಇವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ನನ್ನದು ತುಲಾ ಲಗ್ನ, 12 ಡಿಗ್ರಿ. ತುಲಾ ಲಗ್ನದವರಿಗೆ ತಿಳಿಗುಲಾಬಿ, ತೆಳುನೀಲಿಯಂತಹ ಮೆದು ಬಣ್ಣಗಳೇ ಒಪ್ಪುತ್ತವೆ ಎಂದು ಅದರಲ್ಲೇ ಓದಿ, ಒಂದು ವರ್ಷದಲ್ಲಿ ಕಪಾಟಿನ ಮುಕ್ಕಾಲು ಭಾಗವನ್ನು ಬದಲಾಯಿಸಿದೆ. ಈಗ ಅಪ್ಪ ಬರೆಸಿಟ್ಟಿದ್ದ ಜಾತಕ ಸಿಕ್ಕಿದೆ. ಅದರಲ್ಲಿ ಕನ್ಯಾ ಲಗ್ನ ಎಂದಿದೆ! ನಾನು ಯಾವುದನ್ನು ನಂಬಲಿ? ಬಟ್ಟೆಗಳನ್ನೆಲ್ಲ ಮತ್ತೆ ಬದಲಾಯಿಸಬೇಕೇ?

ಬದಲಾಯಿಸಬೇಡಿ. ಯಾವುದನ್ನೂ ಎಸೆಯಲೂಬೇಡಿ. ಮೊದಲು ಲೆಕ್ಕ ನೋಡೋಣ.

ಆ್ಯಪ್ ತಪ್ಪು ಹೇಳಿಲ್ಲ, ನಿಮ್ಮ ತಂದೆಯವರು ಬರೆಸಿದ ಜಾತಕವೂ ತಪ್ಪಲ್ಲ. ಆ್ಯಪ್ ಹಿಡಿದಿರುವುದು ಪಾಶ್ಚಾತ್ಯ ಲೆಕ್ಕ ಎಂದು ಕಾಣುತ್ತದೆ. ಪಾಶ್ಚಾತ್ಯ ಜ್ಯೋತಿಷ ಬಹುಮಟ್ಟಿಗೆ ಸಾಯನ ಪದ್ಧತಿಯದು; ಅದು ವಸಂತ ವಿಷುವ ಬಿಂದುವನ್ನೇ, ಅಂದರೆ ವಸಂತದಲ್ಲಿ ಹಗಲು ರಾತ್ರಿ ಸಮವಾಗುವಾಗ ಸೂರ್ಯನಿರುವ ಬಿಂದುವನ್ನೇ, ಮೇಷದ ಆರಂಭವೆಂದು ಹಿಡಿಯುತ್ತದೆ. ನಮ್ಮ ಜಾತಕಗಳು ನಿರಯನ ಪದ್ಧತಿಯವು. ಅವು ನಕ್ಷತ್ರಗಳನ್ನು ಆಧರಿಸಿ ಎಣಿಸುತ್ತವೆ. ಎರಡರ ನಡುವಿನ ಅಂತರವೇ ಅಯನಾಂಶ. ಅದು ಈಗ ಸುಮಾರು 24 ಡಿಗ್ರಿ ಇದೆ. ತುಲಾ 12 ಡಿಗ್ರಿಯಿಂದ 24 ಡಿಗ್ರಿ ಹಿಂದಕ್ಕೆ ಬಂದರೆ ಕನ್ಯಾ 18 ಡಿಗ್ರಿ. ಒಂದು ರಾಶಿಗೆ 30 ಡಿಗ್ರಿ ತಾನೇ? ಹಾಗಾಗಿ ಎರಡೂ ಕಡೆ ಲೆಕ್ಕ ಹಾಕಿಸಿದವರಲ್ಲಿ ಸರಿಸುಮಾರು ಐವರಲ್ಲಿ ನಾಲ್ವರಿಗೆ ನಿಮ್ಮ ಗೊಂದಲವೇ ಎದುರಾಗುತ್ತದೆ. ಉಳಿದ ಒಬ್ಬರು ಮಾತ್ರ ನೆಮ್ಮದಿಯಿಂದ ಇರುತ್ತಾರೆ.

ಇನ್ನು ಬಣ್ಣ. ನನಗೆ ನಿಜವಾಗಿ ಕುತೂಹಲ ಹುಟ್ಟಿಸುವುದು ಇದೇ. ತುಲಾ ರಾಶಿಯ ಅಧಿಪತಿ ಶುಕ್ರ, ಶುಕ್ರನೆಂದರೆ ಸೌಂದರ್ಯ, ಸೌಂದರ್ಯವೆಂದರೆ ಗುಲಾಬಿ ಬಣ್ಣ ಎಂದು ಯಾರೋ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರಿದ್ದಾರೆ. ಆದರೆ ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಹನ್ನೆರಡು ರಾಶಿಗಳಿಗೂ ಬಣ್ಣ ಹೇಳುತ್ತಾನೆ. ಮೇಷ ಕೆಂಪು, ವೃಷಭ ಬಿಳಿ, ಮಿಥುನ ಗಿಳಿಹಸಿರು, ಕರ್ಕಾಟಕ ಪಾಟಲ (ನಸುಗೆಂಪು), ಸಿಂಹ ಹೊಗೆಬಿಳುಪು, ಕನ್ಯಾ ಬಹುವರ್ಣ. ತುಲಾ? ಕಪ್ಪು. ನಿಮ್ಮ ಆ್ಯಪ್ ಕೊಟ್ಟ ತಿಳಿಗುಲಾಬಿಗೂ ಇದಕ್ಕೂ ಹಗಲು ರಾತ್ರಿಯಷ್ಟು ದೂರ. ಅದೇ ಗ್ರಂಥದಲ್ಲಿ ಗ್ರಹಗಳ ಬಣ್ಣವೂ ಬೇರೆಯಾಗಿ ಬರುತ್ತದೆ. ಅಲ್ಲಿ ಶುಕ್ರನಿಗೆ ಬಹುವರ್ಣ, ಬುಧನಿಗೆ ಹಸಿರು. ಅಂದರೆ ರಾಶಿ ಹಿಡಿದರೆ ತುಲಾ ಲಗ್ನಕ್ಕೆ ಕಪ್ಪು, ಅಧಿಪತಿಯನ್ನು ಹಿಡಿದರೆ ಬಣ್ಣಬಣ್ಣದ್ದು; ಕನ್ಯಾ ಲಗ್ನಕ್ಕೆ ರಾಶಿಯಿಂದ ಬಣ್ಣಬಣ್ಣದ್ದು, ಅಧಿಪತಿ ಬುಧನಿಂದ ಹಸಿರು. ಒಂದೇ ಪುಸ್ತಕ ನಿಮ್ಮ ಕಪಾಟಿಗೆ ಕಪ್ಪು, ಹಸಿರು, ಚಿತ್ರವರ್ಣ ಮೂರನ್ನೂ ಕೊಡುತ್ತದೆ. ಗುಲಾಬಿಯನ್ನು ಮಾತ್ರ ಕೊಡುವುದಿಲ್ಲ.

ಈ ಬಣ್ಣಗಳನ್ನು ಗ್ರಂಥಕಾರರು ಹೇಳಿದ್ದಾದರೂ ಏಕೆ? ಕಳೆದುಹೋದ ವಸ್ತು ಯಾವ ಬಣ್ಣದ್ದು ಎಂಬಂತಹ ಪ್ರಶ್ನೆಗಳಿಗೆ ಸುಳಿವು ಹುಡುಕುವುದು ಇಂತಹ ಪಟ್ಟಿಗಳ ಬಳಕೆ. ಗುರುತು ಹಿಡಿಯಲು ಇದ್ದ ಪಟ್ಟಿಯನ್ನು ನಾವು ಉಡುವ ಪಟ್ಟಿಯಾಗಿ ಓದುತ್ತಿದ್ದೇವೆ.

ಹಾಗಾದರೆ ಲಗ್ನದಿಂದ ಉಡುಪಿಗೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ, ಆದರೆ ನನಗೆ ಸಿಕ್ಕಿದ್ದು ಬಣ್ಣದ ಪಟ್ಟಿಯಲ್ಲಲ್ಲ, ಕಾಲಪುರುಷನ ಅಂಗಗಳಲ್ಲಿ. ಇಡೀ ರಾಶಿಚಕ್ರವನ್ನು ಒಂದು ದೇಹವೆಂದು ಕಲ್ಪಿಸಿ ಮೇಷಕ್ಕೆ ತಲೆ, ವೃಷಭಕ್ಕೆ ಮುಖ ಎಂದು ಇಳಿಯುತ್ತಾ ಧನುವಿಗೆ ತೊಡೆ, ಮಕರಕ್ಕೆ ಮೊಣಕಾಲು, ಕುಂಭಕ್ಕೆ ಕಣಕಾಲು, ಮೀನಕ್ಕೆ ಪಾದ ಎಂದು ಮುಗಿಸುತ್ತಾರೆ. ಕನ್ಯಾ ರಾಶಿಗೆ ಬಂದದ್ದು ಸೊಂಟ. ವರಾಹಮಿಹಿರ ಅದಕ್ಕೆ ಬಳಸಿದ ಪದ ‘ವಾಸೋಭೃತ್’, ಅಂದರೆ ಬಟ್ಟೆಯನ್ನು ಹೊರುವ ಜಾಗ. ಬಟ್ಟೆ ಹೊಲಿಸುವವಳಾಗಿ ಈ ಒಂದು ಪದಕ್ಕೆ ನಾನು ಮನಸೋತಿದ್ದೇನೆ. ಉಡುಪು ನಿಲ್ಲುವುದೇ ಅಲ್ಲಿ ಅಲ್ಲವೇ?

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಒಂದು ಉಡುಪಿನಲ್ಲಿ ನೋಡುವವರ ಕಣ್ಣು ಮೊದಲು ನಿಲ್ಲುವ ಜಾಗ ಒಂದೇ ಇರಬೇಕು. ಕೊರಳಪಟ್ಟಿ, ಬೆಲ್ಟು, ಬೂಟು, ಕಿವಿಯೋಲೆ ಎಲ್ಲವೂ ‘ನನ್ನನ್ನು ನೋಡು’ ಎಂದರೆ ನೋಡುವವರಿಗೆ ಉಳಿಯುವುದು ಗದ್ದಲ. ಆ ಒಂದು ಜಾಗ ಯಾವುದು ಎಂದು ನಿರ್ಧರಿಸಲಾಗದೆ ಒದ್ದಾಡುವವರಿಗೆ ಲಗ್ನದ ಅಂಗವನ್ನು ಹಿಡಿದು ಶುರುಮಾಡಿ ಎನ್ನುತ್ತೇನೆ. ನೀವು ಕನ್ಯಾ ಲಗ್ನವನ್ನು ಒಪ್ಪಿದರೆ ಸೊಂಟದ ಗೆರೆಯನ್ನು ಗಮನಿಸಿ. ಅಂಗಿ ಎಲ್ಲಿ ಮುಗಿಯುತ್ತದೆ, ಪ್ಯಾಂಟಿನ ಪಟ್ಟಿ ಹೊಟ್ಟೆಯನ್ನು ಒತ್ತುತ್ತದೆಯೇ, ಕುಳಿತಾಗ ಬಟ್ಟೆ ಮೇಲಕ್ಕೆ ಸರಿಯುತ್ತದೆಯೇ? ಸೊಂಟದ ಹೊಲಿಗೆ ಎರಡು ಬೆರಳಿನಷ್ಟು ಮೇಲೆ ಕೆಳಗೆ ಆದರೂ ಅದೇ ವ್ಯಕ್ತಿಯ ಕಾಲು ಉದ್ದವಾಗಿಯೋ ಗಿಡ್ಡವಾಗಿಯೋ ಕಾಣುತ್ತದೆ. ತುಲಾ ಲಗ್ನ ಎಂದುಕೊಂಡರೂ ಹೆಚ್ಚು ವ್ಯತ್ಯಾಸವಿಲ್ಲ, ಅದರ ಅಂಗ ಕಿಬ್ಬೊಟ್ಟೆ. ನಿಮ್ಮ ವ್ಯಾಜ್ಯ ಒಂದು ಗೇಣಿನೊಳಗೇ ಇತ್ಯರ್ಥವಾಯಿತು!

(ಶಾಸ್ತ್ರ ಬಲ್ಲವರು ಇಲ್ಲಿ ನನ್ನನ್ನು ತಡೆಯುತ್ತಾರೆ. ಪ್ರತಿಯೊಬ್ಬರ ಜಾತಕದಲ್ಲೂ ಮೊದಲ ಭಾವವೇ, ಅಂದರೆ ಮೊದಲ ಮನೆಯೇ ತಲೆ, ಲಗ್ನ ಯಾವ ರಾಶಿಯಾದರೂ ಅದರಲ್ಲಿ ಬದಲಾವಣೆಯಿಲ್ಲ ಎನ್ನುತ್ತಾರೆ. ಸರಿ, ಒಪ್ಪಿದೆ. ಲಗ್ನದ ರಾಶಿಗೆ ಕಾಲಪುರುಷನ ಅಂಗವನ್ನು ಹೊಂದಿಸಿದ್ದು ನಾನು ಮಾಡಿಕೊಂಡ ಸಲಿಗೆ, ಶಾಸ್ತ್ರದ ಅಪ್ಪಣೆಯಲ್ಲ.)

ಕಪಾಟಿನಲ್ಲಿರುವ ತಿಳಿಬಣ್ಣದ ಬಟ್ಟೆಗಳ ಗತಿ? ಹಗಲು ಬೆಳಕಿನಲ್ಲಿ ಕಿಟಕಿಯ ಪಕ್ಕ ನಿಂತು ಒಂದೊಂದನ್ನೇ ಗದ್ದದ ಕೆಳಗೆ ಹಿಡಿಯಿರಿ. ಮೊದಲು ಮುಖ ಕಂಡರೆ ಇಟ್ಟುಕೊಳ್ಳಿ. ಮೊದಲು ಬಟ್ಟೆ ಕಂಡರೆ, ಅಥವಾ ಕಣ್ಣಿನ ಕೆಳಗಿನ ಕಪ್ಪು ಎದ್ದು ಕಂಡರೆ, ಅದನ್ನು ಮುಖದಿಂದ ದೂರ ಒಯ್ಯಿರಿ. ಮೇಲಂಗಿಯ ಬದಲು ಕೆಳಗಿನ ಉಡುಪಾಗಿ ಅದೇ ಬಣ್ಣ ಚೆನ್ನಾಗಿಯೇ ನಡೆದೀತು. ಇನ್ನೂ ಅನುಮಾನವಿದ್ದರೆ ಮೊಬೈಲ್‌ನಲ್ಲಿ ಒಂದು ಕಪ್ಪುಬಿಳುಪು ಚಿತ್ರ ತೆಗೆಯಿರಿ. ಕೂದಲಿಗೂ ಚರ್ಮಕ್ಕೂ ನಡುವೆ ಕಡು ವ್ಯತ್ಯಾಸ ಕಾಣುವವರಿಗೆ ಉಡುಪಿನಲ್ಲೂ ಅಂಥದೇ ವ್ಯತ್ಯಾಸ ಸಾಮಾನ್ಯವಾಗಿ ಹೊಂದುತ್ತದೆ. ಮೆದುವಾಗಿ ಬೆರೆತಂತೆ ಕಾಣುವವರಿಗೆ ಮೆದು ಬಣ್ಣಗಳು. ಈ ಪರೀಕ್ಷೆಗೆ ಅಯನಾಂಶದ ಗೊಡವೆ ಇಲ್ಲ.

ಪ್ರಶ್ನೆ: ನನ್ನದು ಮಕರ ಲಗ್ನ. ಅಧಿಪತಿ ಶನಿಯಾದ್ದರಿಂದ ಕಪ್ಪು, ಬೂದು, ಕಡುನೀಲಿ ಬಿಟ್ಟು ಬೇರೆ ಧರಿಸಬಾರದು ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ನನಗೆ ಹಳದಿ ಎಂದರೆ ಪ್ರಾಣ. ಧರಿಸಿದರೆ ದೋಷವೇ?

ಗ್ರಹಗಳಿಗೆ ಬಣ್ಣದಂತೆ ವಸ್ತ್ರವನ್ನೂ ಹೇಳಿದ್ದಾರೆ. ಸೂರ್ಯನಿಗೆ ದಪ್ಪ ಬಟ್ಟೆ, ಚಂದ್ರನಿಗೆ ಹೊಚ್ಚಹೊಸದು, ಕುಜನಿಗೆ ಬೆಂಕಿ ತಗುಲಿದ್ದು, ಬುಧನಿಗೆ ನೀರಿನಲ್ಲಿ ನೆನೆದದ್ದು, ಗುರುವಿಗೆ ಹೊಸದೂ ಅಲ್ಲದ ಹಳೆಯದೂ ಅಲ್ಲದ ನಡುವಿನದು, ಶುಕ್ರನಿಗೆ ಗಟ್ಟಿಮುಟ್ಟಾದದ್ದು. ಶನಿಗೆ? ಹರಿದ ಬಟ್ಟೆ. ನಿಮ್ಮ ಪರಿಚಯದವರು ಕಪ್ಪನ್ನು ಕಡ್ಡಾಯ ಮಾಡಿ ಹರಿದದ್ದನ್ನು ಏಕೆ ಬಿಟ್ಟರು ಎಂದು ಕೇಳಿ ನೋಡಿ. ಹರಿದ ಜೀನ್ಸ್ ತೊಡುವ ಹುಡುಗರೆಲ್ಲ ಶನಿಯ ಶಿಷ್ಯರೇನೂ ಅಲ್ಲ. ಮೇಲಾಗಿ ಮಕರ ರಾಶಿಗೆ ವರಾಹಮಿಹಿರ ಹೇಳಿದ ಬಣ್ಣ ಕರ್ಬುರ, ಅಂದರೆ ಚುಕ್ಕೆಚುಕ್ಕೆಯ ಮಿಶ್ರವರ್ಣ. ಅದರಲ್ಲಿ ಹಳದಿಗೂ ಒಂದು ಚುಕ್ಕೆಯಷ್ಟು ಜಾಗವಿದ್ದೇ ಇದೆ. ಧಾರಾಳವಾಗಿ ಧರಿಸಿ.

ಹಳದಿಯಲ್ಲಿ ಎಚ್ಚರ ಬೇಕಾದದ್ದು ಅದರ ಛಾಯೆಯ ವಿಷಯದಲ್ಲಿ. ನಿಂಬೆಹಳದಿ ಕೆಲವರ ಮುಖವನ್ನು ಕಾಮಾಲೆಯವರಂತೆ ಮಾಡುತ್ತದೆ, ಅದೇ ಮುಖಕ್ಕೆ ಸಾಸಿವೆಹಳದಿ ಕಳೆ ಕೊಡುತ್ತದೆ.

ಪ್ರಶ್ನೆ: ವೃಶ್ಚಿಕ ಲಗ್ನದವರ ಕಣ್ಣು ತೀಕ್ಷ್ಣ, ಸಿಂಹ ಲಗ್ನದವರ ಕೂದಲು ಸಿಂಹದ ಕೇಸರದಂತೆ ಎಂದೆಲ್ಲ ಓದುತ್ತೇನೆ. ನಾನು ಹುಟ್ಟಿದ ಸಮಯ ನಿಖರವಾಗಿ ಗೊತ್ತಿಲ್ಲ. ಮುಖಚಹರೆ ನೋಡಿ ನನ್ನ ಲಗ್ನ ಹೇಳಲು ಸಾಧ್ಯವೇ? ಫೋಟೋ ಕಳುಹಿಸಿದ್ದೇನೆ.

ಫೋಟೋ ಚೆನ್ನಾಗಿದೆ, ಕೂದಲನ್ನು ಸ್ವಲ್ಪ ಹಿಂದಕ್ಕೆ ಬಾಚಿದರೆ ನಿಮ್ಮ ಹಣೆ ಇನ್ನೂ ಚೆನ್ನಾಗಿ ಕಾಣುತ್ತದೆ. ಲಗ್ನ ಮಾತ್ರ ಅದರಲ್ಲಿ ಕಾಣುವುದಿಲ್ಲ.

ಸೂರ್ಯ ಒಂದು ರಾಶಿಯಲ್ಲಿ ಸುಮಾರು ಒಂದು ತಿಂಗಳು ಇರುತ್ತಾನೆ, ಚಂದ್ರ ಎರಡೂಕಾಲು ದಿನ. ಲಗ್ನ ಸರಾಸರಿ ಎರಡು ಗಂಟೆಗೆ ಬದಲಾಗುತ್ತದೆ, ಒಂದು ಡಿಗ್ರಿಗೆ ನಾಲ್ಕೇ ನಿಮಿಷ. ರಾಶಿಯ ಅಂಚಿನಲ್ಲಿ ಹುಟ್ಟಿದವರಿಗೆ ಗಡಿಯಾರ ಐದು ನಿಮಿಷ ಹಿಂದಿದ್ದರೂ ಲಗ್ನ ಬೇರೆ. ಹಾಗೆಂದು ಹಳೆಯ ಗ್ರಂಥಗಳು ರಾಶಿಯೊಂದರಿಂದಲೇ ಚಹರೆ ಹೇಳುತ್ತವೆ ಎಂದುಕೊಳ್ಳಬೇಡಿ. ದೇಹದ ಆಕಾರವು ಲಗ್ನದ ನವಾಂಶಾಧಿಪತಿಯನ್ನು (ರಾಶಿಯ ಒಂಬತ್ತನೇ ಒಂದು ಭಾಗವೇ ನವಾಂಶ, ಅದರ ಒಡೆಯ ಗ್ರಹವನ್ನು) ಹೋಲುತ್ತದೆ, ಇಲ್ಲವೇ ಜಾತಕದ ಅತಿ ಬಲಿಷ್ಠ ಗ್ರಹವನ್ನು ಹೋಲುತ್ತದೆ ಎನ್ನುತ್ತದೆ ಬೃಹಜ್ಜಾತಕ. ಮೈಬಣ್ಣಕ್ಕಂತೂ ಚಂದ್ರನ ನವಾಂಶವನ್ನು ನೋಡಬೇಕೆನ್ನುತ್ತದೆ. ಇಷ್ಟು ದಾರಿಗಳಿದ್ದರೆ ಯಾವ ಮುಖಕ್ಕೂ ಯಾವುದಾದರೂ ಒಂದು ದಾರಿ ಹೊಂದಿಯೇ ಹೊಂದುತ್ತದೆ.

ಓದಿದ್ದೆಲ್ಲ ನಮಗೇ ಹೇಳಿದಂತೆ ಅನ್ನಿಸುವುದಕ್ಕೂ ಕಾರಣವಿದೆ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ ವಿದ್ಯಾರ್ಥಿಗಳಿಗೆ ಒಂದೊಂದು ವ್ಯಕ್ತಿತ್ವ ವಿವರಣೆ ಕೊಟ್ಟು, ನಿಮಗೆ ಎಷ್ಟು ಒಪ್ಪುತ್ತದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಶಾನ್ ಕಾರ್ಲ್ಸನ್‌ನ ಪರೀಕ್ಷೆಯಲ್ಲಿ ಜ್ಯೋತಿಷಿಗಳಿಗೆ ಜಾತಕ ನೋಡಿ ಅದರ ವ್ಯಕ್ತಿಯ ವಿವರಣೆಯನ್ನು ಹೊಂದಿಸಲು ಆಗಲಿಲ್ಲ; ಕುರುಡಾಗಿ ಊಹಿಸಿದ್ದಕ್ಕಿಂತ ಫಲಿತಾಂಶ ಮೇಲಾಗಿರಲಿಲ್ಲ. ನಾನು ಹಳೆಯ ಗ್ರಂಥಗಳನ್ನು ಪ್ರೀತಿಯಿಂದಲೇ ಓದುತ್ತೇನೆ, ಈ ಎರಡು ಸಂಗತಿಗಳನ್ನು ಮರೆತು ಓದುವುದಿಲ್ಲ.

ನಿಮಗೆ ಲಗ್ನ ಗೊತ್ತಿಲ್ಲದ್ದು ಒಂದು ರೀತಿಯಲ್ಲಿ ಅನುಕೂಲವೇ. ಹನ್ನೆರಡು ಅಂಗಗಳಲ್ಲಿ ನಿಮಗಿಷ್ಟವಾದದ್ದನ್ನು ಆರಿಸಿಕೊಳ್ಳಿ. ಫೋಟೋ ನೋಡಿದರೆ ನಾನಂತೂ ಮೇಷವನ್ನು ಕೊಡುತ್ತಿದ್ದೆ. ಹಣೆಯ ವಿಷಯ ಆಗಲೇ ಹೇಳಿದೆನಲ್ಲ.

ಪ್ರಶ್ನೆ: ಮುಂದಿನ ವಾರ ಕೆಲಸದ ಸಂದರ್ಶನವಿದೆ. ಮೀನ ಲಗ್ನ. ಏನು ಧರಿಸಲಿ?

ಮೀನಕ್ಕೆ ಪಾದ. ಬೂಟಿಗೆ ಪಾಲಿಶ್ ಹಾಕಿ, ಹಿಮ್ಮಡಿ ಸವೆದಿದ್ದರೆ ಇವತ್ತೇ ಸರಿಮಾಡಿಸಿ. ಹೊಸ ಬೂಟು ಕೊಂಡಿದ್ದರೆ ನಾಳೆಯಿಂದಲೇ ಮನೆಯೊಳಗೆ ಹಾಕಿಕೊಂಡು ಓಡಾಡಿ. ಕಚ್ಚುವ ಬೂಟು ತೊಟ್ಟವರ ಮುಖದಲ್ಲಿ ಮೂರನೆಯ ಪ್ರಶ್ನೆಯ ಹೊತ್ತಿಗೆ ನಗು ಉಳಿದಿರುವುದಿಲ್ಲ. ಉಳಿದಂತೆ ಭುಜದ ಹೊಲಿಗೆ ಸರಿಯಾಗಿ ಭುಜದ ಮೂಳೆಯ ತುದಿಯಲ್ಲಿ ನಿಲ್ಲುವ ಅಂಗಿ ಯಾವುದಿದೆಯೋ ಅದು.