ಡ್ರೈವ್ ತುಂಬಿದೆ, ಪೋರ್ಟ್‌ಫೋಲಿಯೊ ಖಾಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಕೆ ಬಿ.ಇಡಿ. ಎರಡನೇ ವರ್ಷದ ಪ್ರಶಿಕ್ಷಣಾರ್ಥಿ, ಬೋಧನಾ ವಿಷಯ ಗಣಿತ. ಇಂಟರ್ನ್‌ಶಿಪ್ ಮುಗಿಯಲು ಮೂರು ವಾರ ಇದ್ದಾಗ ಸಲಹೆ ಕೇಳಲು ನನ್ನ ಬಳಿ ಬಂದರು. ನಿದ್ದೆಯಿಲ್ಲ, ಕೋರ್ಸೇ ಬಿಡುವ ಯೋಚನೆ. ಕಾರಣ ಇ-ಪೋರ್ಟ್‌ಫೋಲಿಯೊ, ಅಂದರೆ ತಮ್ಮ ಪಾಠಗಳ ದಾಖಲೆಗಳನ್ನು ಆಯ್ದು, ಅವುಗಳ ಬಗ್ಗೆ ಬರೆದು ಮೌಲ್ಯಮಾಪನಕ್ಕೆ ಒಪ್ಪಿಸುವ ವೆಬ್ ಪುಟ. ಎರಡು ವರ್ಷದಲ್ಲಿ 20 ವಾರ ಶಾಲೆಯಲ್ಲಿದ್ದರೆ ಫೈಲುಗಳು ಗುಡ್ಡೆ ಬೀಳುತ್ತವೆ. ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗ ಪಾಠಯೋಜನೆ, ಚಾರ್ಟಿನ ಫೋಟೊ, ಇಡೀ ಪೀರಿಯಡ್ಡಿನ ವಿಡಿಯೊಗಳಿಂದ ಭರ್ತಿಯಾಗಿತ್ತು. ಪೋರ್ಟ್‌ಫೋಲಿಯೊ ಪುಟದಲ್ಲಿ ಮಾತ್ರ ಒಂದು ಸಾಲೂ ಇರಲಿಲ್ಲ.

ಮಾತಾಡುತ್ತ ಒಂದು ಫೋಟೊ ತೋರಿಸಿದರು. ಏಳನೇ ತರಗತಿಯ ನೋಟ್‌ಬುಕ್: 1/2 + 1/3 = 2/5. ಅರ್ಧ ತರಗತಿ ಹಾಗೇ ಬರೆದಿತ್ತಂತೆ. “ಇದನ್ನ ಅಳಿಸ್ಬಿಡ್ಲಾ ಮೇಡಂ? ಸರ್ ನೋಡಿದ್ರೆ ಇವಳಿಗೆ ಪಾಠ ಮಾಡೋಕೇ ಬರಲ್ಲ ಅನ್ಕೋತಾರೆ.”

ಅಳಿಸಬೇಡಿ, ಇದನ್ನೇ ಮೊದಲ ದಾಖಲೆ ಮಾಡಿ ಎಂದೆ. ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾರೆ. ಅವರ ಯೋಚನೆಯ ದಾರಿ ಕಾಣುವುದು ಇಲ್ಲೇ. ಮರುದಿನ ಆಕೆ ಕಾಗದದ ಪಟ್ಟಿಯನ್ನು ಆರು ಭಾಗವಾಗಿ ಮಡಿಸಿ, 2/5 ಅರ್ಧಕ್ಕಿಂತ ಚಿಕ್ಕದಲ್ಲವೇ, ಕೂಡಿಸಿದ ಮೇಲೆ ಕಡಿಮೆ ಆಗಿದ್ದು ಹೇಗೆ ಎಂದು ಕೇಳಿದ್ದರು. ಇಷ್ಟು ಒಳ್ಳೆಯ ಕೆಲಸವನ್ನು ಎಲ್ಲೂ ಬರೆದಿರಲಿಲ್ಲ!

ಡ್ರೈವ್‌ನಲ್ಲಿ ಎರಡು ಫೋಲ್ಡರ್ ಮಾಡಿಸಿದೆ: ‘ನನಗೆ ಮಾತ್ರ’, ‘ತೋರಿಸಲು’. ಎಲ್ಲವೂ ಮೌಲ್ಯಮಾಪಕರ ಕಣ್ಣಿಗೆ ಬೀಳುತ್ತದೆಂಬ ಭಯವೇ ಕೈ ಕಟ್ಟಿಹಾಕಿತ್ತು. ತೋರಿಸಲು ಎಂಟು ಹತ್ತು ದಾಖಲೆ ಸಾಕು. ಪ್ರತಿಯೊಂದಕ್ಕೂ ಐದಾರು ವಾಕ್ಯ: ಏನು ಅಂದುಕೊಂಡಿದ್ದೆ, ಮಕ್ಕಳು ಏನು ಮಾಡಿದರು, ಯಾಕೆ, ಮುಂದೆ ಏನು ಬದಲಿಸುತ್ತೇನೆ. ಪಾಠವಾದ ದಿನವೇ, ಸಂಜೆ ಅರ್ಧ ಗಂಟೆ ಬರೆಯಬೇಕು. ವಾರ ಕಳೆದರೆ ‘ಪಾಠ ಚೆನ್ನಾಗಿ ನಡೆಯಿತು’ ಎಂಬುದಷ್ಟೇ ಉಳಿಯುತ್ತದೆ. ವಿಡಿಯೊವನ್ನು ಮೂರು ನಿಮಿಷಕ್ಕೆ ಕತ್ತರಿಸಲಿ. ಮಕ್ಕಳ ಮುಖ, ಹೆಸರು ಕಾಣಬಾರದು; ಮುಖ್ಯ ಶಿಕ್ಷಕರ ಮತ್ತು ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು.

ಇನ್ನೆರಡು ತೊಡಕು. ಹಳೆಯ ನುಡಿ ಫಾಂಟಿನ ಪಾಠಯೋಜನೆಗಳು ಫೋನಿನಲ್ಲಿ ಕಲಸುಮೇಲೋಗರವಾಗಿ ಕಾಣುತ್ತಿದ್ದವು; ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಪಿಡಿಎಫ್ ಮಾಡಿ ಎಂದೆ. ಪುಟ ಪ್ರಕಟಿಸಿದರೂ ಒಳಗಿನ ಡ್ರೈವ್ ಫೈಲಿಗೆ ಪ್ರತ್ಯೇಕ ಅನುಮತಿ ಕೊಡದಿದ್ದರೆ ತೆರೆಯುವುದಿಲ್ಲ. ಲಾಗಿನ್ ಆಗದ ಬೇರೆ ಫೋನಿನಲ್ಲಿ ಒಮ್ಮೆ ತೆರೆದು ನೋಡಬೇಕು.

ಗೆಳತಿಯರ ಪುಟಗಳನ್ನು ರಾತ್ರಿ ನೋಡುವುದು ಬೇಡ, ಅಂಕವಿಲ್ಲದ ಕರಡನ್ನು ಮೊದಲು ನೋಡಿಕೊಡಿ ಎಂದು ಮಾರ್ಗದರ್ಶಕರನ್ನು ನೇರವಾಗಿ ಕೇಳಿ, ನಿದ್ದೆ ಹೀಗೇ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಎಂದೂ ಹೇಳಿದೆ.

ಹತ್ತು ದಿನದ ನಂತರ ಬಂದಾಗ ಆರು ದಾಖಲೆ ಸಿದ್ಧವಿದ್ದವು. ಅಂಕದ ಆತಂಕ ಪೂರ್ತಿ ಹೋಗಿರಲಿಲ್ಲ. ಮೊದಲ ಪುಟದಲ್ಲಿ ಆ 2/5 ಇತ್ತು.